ದಾಖಲಾತಿ ಪುಸ್ತಕದಿಂದ ಡೇಟಾಬೇಸ್‌ವರೆಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಬೆಂಗಳೂರಲ್ಲಿ ಏನು ಕೆಲಸ?’ ಎಂದು ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ. ‘ಕಂಪ್ಯೂಟರ್ ಕೆಲಸ’ ಎಂದರೆ ಅಲ್ಲಿಗೆ ಮಾತು ಮುಗಿಯುತ್ತದೆ. ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿ.ಇ. ಮುಗಿಸಿ ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿದ್ದೇನೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯೇ ನನ್ನ ಓಡಾಟ. ನನ್ನ ಕೆಲಸ ಡೇಟಾ ಮ್ಯಾನೇಜ್‌ಮೆಂಟ್, ಅಂದರೆ ಮಾಹಿತಿಯ ನಿರ್ವಹಣೆ. ಯಾರ ಮಾಹಿತಿ, ಅದು ಸರಿಯಿದೆಯೇ, ಎಲ್ಲಿದೆ, ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ನೋಡಿಕೊಳ್ಳುವುದು.

ಇದು ಹೊಸ ವಿದ್ಯೆಯೇನಲ್ಲ. ನಮ್ಮ ಶಾಲೆಯ ಕಚೇರಿಯ ಬೀರುವಿನಲ್ಲಿರುವ ದಾಖಲಾತಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಒಬ್ಬ ವಿದ್ಯಾರ್ಥಿಗೆ ಒಂದೇ ಸಾಲು. ಪ್ರತಿಯೊಬ್ಬರಿಗೂ ಒಂದು ದಾಖಲಾತಿ ಸಂಖ್ಯೆ, ಅದು ಇನ್ನೊಬ್ಬರಿಗೆ ಇರುವುದಿಲ್ಲ. ತಪ್ಪಾದರೆ ರಬ್ಬರಿನಿಂದ ಅಳಿಸುವಂತಿಲ್ಲ; ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಮುಖ್ಯೋಪಾಧ್ಯಾಯರು ಸಹಿ ಹಾಕಬೇಕು. 1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಮಾಹಿತಿಯನ್ನು ಸಾಲು ಮತ್ತು ಕಾಲಂಗಳ ಕೋಷ್ಟಕಗಳಲ್ಲಿ ಇಡುವ ಸಿದ್ಧಾಂತವನ್ನು ಪ್ರಕಟಿಸಿದರು. ಇಂದು ಬ್ಯಾಂಕು, ರೈಲು, ಆಸ್ಪತ್ರೆಗಳ ಬಹುಪಾಲು ಲೆಕ್ಕ ನಡೆಯುವುದು ಆ ತಳಹದಿಯ ಮೇಲೆ. ಆ ಪಾಠ ಕಾಲೇಜಿನಲ್ಲಿ ಬಂದಾಗ ನನಗೆ ಕಷ್ಟವಾಗಲಿಲ್ಲ. ದಾಖಲಾತಿ ಪುಸ್ತಕ ನೋಡಿದ್ದವರಿಗೆ ಅದು ಅರ್ಥವಾಗುತ್ತದೆ.

ಊರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಪಹಣಿ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ದೇಶವೇ ಬಂದು ನೋಡಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಅದಕ್ಕೂ ಮೊದಲು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ದಾಖಲೆಗಳವು. ಪಹಣಿ ಬೇಕೆಂದರೆ ಅವರು ಸಿಗುವವರೆಗೆ ಕಾಯಬೇಕಿತ್ತು. ಆಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬಂತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮ ತಂದರು. ಯಾವ ಅಧಿಕಾರಿ ಏನು ಮಾಡಿದರು ಎಂಬುದು ಬೆರಳಚ್ಚಿನೊಂದಿಗೆ ದಾಖಲಾಗುವಂತೆ ಮಾಡಿದರು.

ಆದರೆ ಒಂದು ಮಾತು ಗಮನಿಸಿ. ಕಂಪ್ಯೂಟರ್ ಬಂದ ಮಾತ್ರಕ್ಕೆ ಪಹಣಿ ಸರಿಯಾಗಲಿಲ್ಲ. ಕೈಬರಹದಲ್ಲಿದ್ದ ತಪ್ಪು ಒಳಗೆ ಹೋದರೆ ಅಚ್ಚಾದ ತಪ್ಪಾಗಿ ಹೊರಗೆ ಬರುತ್ತದೆ, ಅಷ್ಟೇ. ತಂದೆಯ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾಗಿ ವರ್ಷಗಟ್ಟಲೆ ಕಚೇರಿಗೆ ಅಲೆದವರು ಈ ಸಭೆಯಲ್ಲೇ ಇರಬಹುದು. ಅಚ್ಚಾದ ತಪ್ಪಿಗೆ ಕೈಬರಹದ ತಪ್ಪಿಗಿಂತ ಬಲ ಹೆಚ್ಚು. ಜನ ಅದನ್ನು ನಂಬುತ್ತಾರೆ.

ನನ್ನ ಕೆಲಸದ ಹೆಚ್ಚಿನ ಭಾಗ ಈ ತಪ್ಪುಗಳ ಜೊತೆಗಿನ ಗುದ್ದಾಟ. ಬೆಂಗಳೂರಿನ ವಿಳಾಸವನ್ನೇ ತೆಗೆದುಕೊಳ್ಳಿ. ಬಿ.ಟಿ.ಎಂ. ಲೇಔಟ್ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು. ಒಬ್ಬರು ಬಿ.ಟಿ.ಎಂ. ಎಂದು ಬರೆದರೆ ಇನ್ನೊಬ್ಬರು ತಾವರೆಕೆರೆ ಎಂದು ಬರೆಯುತ್ತಾರೆ. ಜೆ.ಪಿ. ನಗರವನ್ನು ಕೆಲವರು ಜಯಪ್ರಕಾಶ ನಾರಾಯಣ ನಗರ ಎಂದು ಪೂರ್ತಿ ಬರೆಯುತ್ತಾರೆ. ಜಯನಗರ 4ನೇ ಬ್ಲಾಕ್ ಬೇರೆ, 4ನೇ ಟಿ ಬ್ಲಾಕ್ ಬೇರೆ. ಮನುಷ್ಯನಿಗೆ ಇದು ಗೊತ್ತು, ಯಂತ್ರಕ್ಕೆ ನಾವು ಹೇಳಿಕೊಡಬೇಕು.

ಒಂದು ಅನುಭವ ಹೇಳುತ್ತೇನೆ. ಒಂದು ಸಂಸ್ಥೆಯ ಎರಡು ಗ್ರಾಹಕರ ಪಟ್ಟಿಗಳನ್ನು ಒಂದು ಮಾಡುವ ಕೆಲಸ ನಮ್ಮ ತಂಡಕ್ಕೆ ಬಂತು. ನಾನು ಅದರ ಮುಂದಾಳು. ಹೆಸರು, ಹುಟ್ಟಿದ ದಿನ, ಬಡಾವಣೆ ಈ ಮೂರೂ ಹೊಂದಿದರೆ ಇಬ್ಬರೂ ಒಬ್ಬರೇ ಎಂಬುದು ಆ ಸಂಸ್ಥೆ ಕೊಟ್ಟ ನಿಯಮ. ಪರೀಕ್ಷೆಯ ಹಂತದಲ್ಲಿ ಶಾಖೆಯ ಕೌಂಟರಿನಲ್ಲಿದ್ದ ಗುಮಾಸ್ತೆಯೊಬ್ಬರು ಫೋನ್ ಮಾಡಿ, ‘ಸಾರ್, ಬನಶಂಕರಿಯ ಈ ಇಬ್ಬರು ಮಂಜುನಾಥರೂ ಒಬ್ಬರೇ ಅಂತ ಬರ್ತಿದೆ. ಇಬ್ಬರನ್ನೂ ನಾನು ನೋಡಿದ್ದೀನಿ, ಬೇರೆ ಬೇರೆಯವರು’ ಎಂದರು. ಇಬ್ಬರ ಹುಟ್ಟಿದ ದಿನವೂ ಜೂನ್ 1.

ಇಲ್ಲಿ ಕೆಲವರು ನಗುತ್ತಿದ್ದೀರಿ, ಕಾರಣ ನಿಮಗೆ ಗೊತ್ತು. ಹಳ್ಳಿಗಳಲ್ಲಿ ಹುಟ್ಟಿದ ದಿನ ಬರೆದಿಡದ ಕಾಲದಲ್ಲಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಅಂದಾಜು ಮಾಡಿ ಜೂನ್ 1 ಎಂದು ಬರೆಯುತ್ತಿದ್ದರು. ನನ್ನ ಓರಗೆಯವರಲ್ಲೂ ಅಂಥವರು ಎಷ್ಟೋ ಜನ. ಆ ನಿಯಮ ಬರೆದವರಿಗೆ ಇದು ತಿಳಿದಿರಲಿಲ್ಲ. ಅದು ಹಾಗೇ ಜಾರಿಯಾಗಿದ್ದರೆ ಒಬ್ಬರ ದುಡ್ಡು, ಸಾಲ, ದಾಖಲೆ ಇನ್ನೊಬ್ಬರ ಹೆಸರಿಗೆ ಸೇರುತ್ತಿತ್ತು. ಕೆಲಸ ನಿಲ್ಲಿಸಿದೆವು. ಜೂನ್ 1ರ ಹುಟ್ಟಿದ ದಿನ ಇರುವವರನ್ನೆಲ್ಲ ಬೇರೆ ಮಾಡಿ, ತಂದೆಯ ಹೆಸರು ಮತ್ತು ಗುರುತಿನ ಸಂಖ್ಯೆ ನೋಡಿಯೇ ತೀರ್ಮಾನಿಸಿದೆವು. ಮೂರು ವಾರ ತಡವಾಯಿತು. ಮೇಲಿನವರು ಸಿಡಿಮಿಡಿಗೊಂಡರು, ಕೇಳಿಸಿಕೊಂಡೆ. ಮುಂದಾಳಿನ ಕೆಲಸ ಎಂದರೆ ಹೆಚ್ಚಾಗಿ ಇದೇ: ಕೌಂಟರಿನಲ್ಲಿ ಕುಳಿತವರ ಮಾತು ಮೇಲಕ್ಕೆ ಮುಟ್ಟಿಸುವುದು, ಮೇಲಿನವರ ಅವಸರ ಕೆಳಕ್ಕೆ ಮುಟ್ಟದಂತೆ ತಡೆಯುವುದು.

ಮಕ್ಕಳೇ, ಈ ಕ್ಷೇತ್ರಕ್ಕೆ ಬರಬೇಕೆಂದರೆ ಗಣಿತದ ಜೊತೆಗೆ ತಾಳ್ಮೆ ಬೇಕು. ಕನ್ನಡ ಮಾಧ್ಯಮ ಎಂಬ ಅಳುಕು ಬೇಡ. ಇಂಗ್ಲಿಷ್ ಕಲಿಯಲೇಬೇಕು, ಕಲಿಯಬಹುದು. ಆದರೆ ಜೂನ್ 1ರ ಗುಟ್ಟು ಇಂಗ್ಲಿಷ್ ಪುಸ್ತಕದಲ್ಲಿರಲಿಲ್ಲ. ಎಸ್‌ಕ್ಯುಎಲ್ ಎಂಬ ಭಾಷೆಯಿಂದ ಆರಂಭಿಸಿ. ಅದನ್ನು ಕಲಿಯಲು ದುಬಾರಿ ಕಂಪ್ಯೂಟರ್ ಬೇಕಿಲ್ಲ, ಉಚಿತ ತಂತ್ರಾಂಶಗಳಿವೆ. ಬಿ.ಇ. ಮಾಡಿದವರಷ್ಟೇ ಅಲ್ಲ, ಬಿ.ಕಾಂ., ಬಿ.ಎಸ್ಸಿ., ಡಿಪ್ಲೊಮಾ ಮಾಡಿದವರೂ ಈ ಕೆಲಸದಲ್ಲಿದ್ದಾರೆ.

ಕೊನೆಯದಾಗಿ ಊರಿನವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. 2023ರಲ್ಲಿ ಜನನ ನೋಂದಣಿ ಕಾಯ್ದೆಗೆ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ಆಧಾರ. ಅವರು ನಮ್ಮ ಹೈಸ್ಕೂಲಿಗೆ ಬರಲು ಇನ್ನೂ ಹತ್ತು ವರ್ಷದ ಮೇಲಿದೆ. ಅಲ್ಲಿಯವರೆಗಿನ ಮಕ್ಕಳ ಗತಿ? ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನ ಬಾರದೆ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಆದ್ದರಿಂದ ಪ್ರತಿ ವರ್ಷ 8ನೇ ತರಗತಿಗೆ ಸೇರುವ ಮಕ್ಕಳ ದಾಖಲೆಗಳನ್ನು ತಂದೆತಾಯಿಯರ ಎದುರಿಗೇ ಹೋಲಿಸಿ ನೋಡುವ ಒಂದು ದಿನ ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ನಾವು ಕೆಲವರು ಬರುತ್ತೇವೆ. ತಿದ್ದುವ ಅಧಿಕಾರ ಶಾಲೆಯದೇ, ನಮ್ಮದು ಕೈಜೋಡಿಸುವ ಕೆಲಸ ಮಾತ್ರ.

ಇನ್ನೊಂದು ಎಚ್ಚರ. ಹಳೆಯ ದಾಖಲಾತಿ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ಸ್ಕ್ಯಾನ್ ಮಾಡಿಡೋಣ, ಆದರೆ ಪುಟಗಳ ಫೋಟೊ ವಾಟ್ಸಾಪ್ ಗುಂಪಿಗೆ ಬೇಡ. ಅದರಲ್ಲಿ ಜಾತಿ, ವಿಳಾಸ, ಹುಟ್ಟಿದ ದಿನ ಎಲ್ಲ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಕಾನೂನು ಇರಲಿ ಬಿಡಲಿ, ಅದು ಇನ್ನೊಬ್ಬರ ಮನೆಯ ವಿಚಾರ.