ಕೆರೆ ಹೆಸರಿನ ಊರಲ್ಲಿ ನೀರಾಟಕ್ಕೆ ಜಾಗ ಇಲ್ಲ



ಮೊನ್ನೆ ನಮ್ಮ ಚಾನೆಲ್‌ನಲ್ಲಿ ಒಂದೂವರೆ ನಿಮಿಷದ ಒಂದು ಸ್ಟೋರಿ ಹೋಯ್ತು. ನೀವೂ ನೋಡಿರ್ತೀರಿ. ಹೊರದೇಶದ ಊರುಗಳಲ್ಲಿ ಬೇಸಿಗೆ ಬಂತು ಅಂದ್ರೆ ಪಾರ್ಕಿನ ನೆಲದಿಂದ ನೀರು ಚಿಮ್ಮುತ್ತೆ, ಮಕ್ಕಳು ಅದರ ಮಧ್ಯೆ ಓಡಾಡ್ತಾರೆ, ಅಪ್ಪ ಅಮ್ಮ ಪಕ್ಕದಲ್ಲಿ ಕೂತು ನೋಡ್ತಾರೆ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಸ್ಪ್ಲ್ಯಾಶ್ ಪ್ಯಾಡ್ ಅಂತಾರೆ ಅದಕ್ಕೆ. ದೃಶ್ಯ ಚೆನ್ನಾಗಿತ್ತು. ಮ್ಯೂಸಿಕ್ ಹಾಕಿದ್ವಿ, ಬ್ರೇಕ್‌ಗೆ ಹೋದ್ವಿ.

ಬ್ರೇಕ್ ಮುಗಿಯೋದ್ರೊಳಗೆ ಅರಸೀಕೆರೆಯಿಂದ ಒಬ್ಬರ ಫೋನು. ರೈಲ್ವೆ ಜಂಕ್ಷನ್ ಇರುವ ಹಾಸನ ಜಿಲ್ಲೆಯ ಅರಸೀಕೆರೆ ಅಲ್ಲ, ಹರಪನಹಳ್ಳಿ ತಾಲೂಕಿನ ಅರಸೀಕೆರೆ. ಉಚ್ಚಂಗಿದುರ್ಗಕ್ಕೆ ಹೋಗಿ ಬಂದವರಿಗೆ ಗೊತ್ತಿರುವ ಊರು. “ನೀವು ತೋರ್ಸಿದ್ದು ಚಲೋ ಐತ್ರಿ ಸರ. ನಮ್ ಹುಡುಗ್ರೂ ನೋಡಿದ್ವು. ನೋಡಿ, ಅಪ್ಪಾ ಇದು ನಮ್ಮೂರಾಗ ಎಲ್ಲೈತಿ ಅಂತ ಕೇಳಿದ್ವು. ಏನ್ ಹೇಳ್ಲಿ, ನೀವಾ ಹೇಳ್ರಿ?”

ನನ್ನ ಹತ್ರ ಉತ್ತರ ಇರಲಿಲ್ಲ. ದಿನಾ ರಾತ್ರಿ ಎಲ್ಲರಿಗೂ ಪ್ರಶ್ನೆ ಕೇಳುವವನಿಗೆ ಒಬ್ಬ ವೀಕ್ಷಕ ಪ್ರಶ್ನೆ ಕೇಳಿದ್ರೆ ಹೀಗೇ ಆಗೋದು. ಅದಕ್ಕೆ ಇವತ್ತು ರಾಜಕೀಯ ಪಕ್ಕಕ್ಕಿಡೋಣ.

ಊರಿನ ಹೆಸರಲ್ಲೇ ಕೆರೆ ಇದೆ. ಹಾಗಿದ್ರೆ ಅಲ್ಲಿನ ಮಕ್ಕಳು ಬೇಸಿಗೆಯಲ್ಲಿ ಎಲ್ಲಿ ಆಡ್ತಾರೆ? ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿಟ್ರೆ ಮತ್ತೆ ಬಾಗಿಲು ತೆಗೆಯೋದು ಮೇ ಕೊನೆಗೆ. ಆ ಭಾಗದ ಬಿಸಿಲು ಎಂಥದ್ದು ಅಂತ ಸರ್ಕಾರಕ್ಕೂ ಗೊತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳು ಸರ್ಕಾರಿ ಕಚೇರಿ ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತೆ. ವಿಜಯನಗರ ಜಿಲ್ಲೆಯೂ ಅದರಲ್ಲಿದೆ. ಸಾಹೇಬರಿಗೆ ಬಿಸಿಲು ತಾಗುತ್ತೆ ಅಂತ ಆದೇಶ ಬರುತ್ತೆ. ಬರಲಿ, ಅವರೂ ಮನುಷ್ಯರೇ. ಆದ್ರೆ ಮಧ್ಯಾಹ್ನ ಒಂದೂವರೆ ಮೇಲೆ ಎಂಟು ವರ್ಷದ ಹುಡುಗ ಎಲ್ಲಿರ್ತಾನೆ ಅಂತ ಯಾವ ಆದೇಶದಲ್ಲೂ ಇಲ್ಲ.

ಅವನು ಎಲ್ಲಿರ್ತಾನೆ ಅಂತ ನಾನು ಹೇಳ್ತೀನಿ, ಯಾಕೆ ಅಂದ್ರೆ ನಮ್ಮ ಪರದೆಯ ಕೆಳಗೆ ಓಡುವ ಸ್ಕ್ರಾಲ್‌ನಲ್ಲಿ ಅದು ಬರುತ್ತೆ. ‘ಕೃಷಿ ಹೊಂಡಕ್ಕೆ ಬಿದ್ದು ಇಬ್ಬರು ಬಾಲಕರ ಸಾವು.’ ‘ಈಜಲು ತೆರಳಿದ್ದ ವಿದ್ಯಾರ್ಥಿಗಳು ನೀರುಪಾಲು.’ ಪ್ರತಿ ಏಪ್ರಿಲ್-ಮೇ ತಿಂಗಳು ಇದೇ ಸಾಲು. ನಮ್ಮ ಡೆಸ್ಕ್‌ನವರು ಊರಿನ ಹೆಸರು, ಸಂಖ್ಯೆ ಬದಲಾಯಿಸ್ತಾರೆ, ಅಷ್ಟೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಅಂದ್ರೆ ದಿನಕ್ಕೆ ನೂರಕ್ಕೂ ಮೇಲೆ. ಬಸ್ ಹಳ್ಳಕ್ಕೆ ಬಿದ್ದು ನೂರು ಜನ ಸತ್ರೆ ನಾವು ಮೂರು ದಿನ ಸ್ಟುಡಿಯೋ ಬಿಟ್ಟು ಏಳಲ್ಲ. ಇದು ಒಬ್ಬೊಬ್ಬರಾಗಿ, ಒಂದೊಂದು ಊರಲ್ಲಿ ಆಗುತ್ತೆ. ಸ್ಕ್ರಾಲ್‌ನಲ್ಲೇ ಮುಗಿದು ಹೋಗುತ್ತೆ.

ಕೃಷಿ ಹೊಂಡದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂತು. ಒಳ್ಳೆ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಮಳೆ ನೀರು ಹೊಂಡದಲ್ಲಿ ನಿಲ್ಲಿಸಿ ಬೆಳೆ ಉಳಿಸಿಕೊಂಡ ರೈತರು ಬಹಳ ಜನ. ಆದ್ರೆ ಆ ಹೊಂಡ ಮೂರು ಮೀಟರ್ ಆಳ, ಅಂದ್ರೆ ಹತ್ತು ಅಡಿ. ನೀರು ಇಂಗಬಾರದು ಅಂತ ಒಳಗೆಲ್ಲ ಪಾಲಿಥೀನ್ ಹಾಳೆ. ಆ ಹಾಳೆ ಮೇಲೆ ಪಾಚಿ ಕಟ್ಟಿದ್ರೆ ದೊಡ್ಡ ಗಂಡಸೂ ಹತ್ತಿ ಬರೋಕಾಗಲ್ಲ. ಮಗ ಬಿದ್ದ ಅಂತ ತಾಯಿ ಇಳೀತಾಳೆ, ತಾಯಿನೂ ಜಾರ್ತಾಳೆ. ಯೋಜನೆಯಲ್ಲಿ ತಂತಿ ಬೇಲಿಗೂ ಸಹಾಯಧನ ಇದೆ. ಬೇಲಿ ಹಾಕದೇ ಇರೋರು ಇವತ್ತು ರಾತ್ರಿ ಒಂದು ಕೆಲಸ ಮಾಡಿ: ಗಟ್ಟಿ ಗೂಟಕ್ಕೆ ಹಗ್ಗ ಕಟ್ಟಿ, ಅದರ ತುದಿಗೆ ಒಂದು ಹಳೇ ಟೈರ್ ಕಟ್ಟಿ ನೀರಿಗೆ ಬಿಡಿ. ಯಾರಾದ್ರೂ ಬಿದ್ರೆ ನೀವು ಹಾರಬೇಡಿ. ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೀರಿ, ಸೀರೆ ಎಸೀರಿ, ಬಿದಿರು ಚಾಚಿ.

ಇನ್ನು ಕೆರೆ. ಜಗಳೂರಿನ 57 ಕೆರೆ, ಕೂಡ್ಲಿಗಿಯ 74 ಕೆರೆ ತುಂಬಿಸುವ ಯೋಜನೆಗಳನ್ನ ನೀವೆಲ್ಲ ಕೇಳಿದ್ದೀರಿ. ಅದಕ್ಕಾಗಿ ಆ ಸೀಮೆಯ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ನೀರು ಬರಲಿ, ಬರಲೇಬೇಕು. ಆದ್ರೆ ಯಾರೂ ಮಾತಾಡದ ಒಂದು ಸಂಗತಿ ಇದೆ. ಬತ್ತಿದ ಕೆರೆಯ ಪಕ್ಕ ಬೆಳೆದ ಮಕ್ಕಳಿಗೆ ಈಜು ಬರಲ್ಲ. ಅಜ್ಜನಿಗೆ ಬರ್ತಿತ್ತು, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಕೊಂಡು ಬಾವಿಗೆ ಬಿದ್ದು ಕಲ್ತಿದ್ದ. ಅಪ್ಪನ ಕಾಲಕ್ಕೆ ಬಾವಿ ಹೋಗಿ ಬೋರ್‌ವೆಲ್ ಬಂತು. ಬೋರ್‌ವೆಲ್‌ನಲ್ಲಿ ಯಾರು ಈಜು ಕಲೀತಾರೆ? ಮೊಮ್ಮಗನಿಗೆ ನೀರು ಅಂದ್ರೆ ನಲ್ಲಿ, ಕೊಡ, ಟ್ಯಾಂಕರ್. ಈಗ ಅವನ ಕಣ್ಣೆದುರು ಕೆರೆ ತುಂಬುತ್ತೆ. ಕೆಳಗೆ ಮಣ್ಣು ತೆಗೆದ ಗುಂಡಿಗಳು ಹಾಗೇ ಇವೆ, ಮೇಲಿಂದ ಕಾಣಲ್ಲ. ಮೊಣಕಾಲು ನೀರಲ್ಲಿ ನಿಂತವನು ಒಂದು ಹೆಜ್ಜೆ ಮುಂದೆ ಇಟ್ರೆ ತಲೆ ಮುಳುಗುತ್ತೆ.

ಮನೇಲಿ ನೋಡ್ಕೊಳ್ಳೋಕೆ ಯಾರಿದ್ದಾರೆ? ಹರಪನಹಳ್ಳಿ, ಕೂಡ್ಲಿಗಿ ಕಡೆ ಗುಳೆ ಹೋಗೋದು ಹೊಸ ಮಾತಲ್ಲ. ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಮಲೆನಾಡಿನ ತೋಟಕ್ಕೋ ಹೋಗಿರ್ತಾರೆ. ಮಕ್ಕಳು ಅಜ್ಜಿ ಹತ್ರ. ಮೂರು ವರ್ಷದೊಳಗಿನ ಕೂಸುಗಳಿಗೆ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಅಂತ ಮಾಡಿದ್ದಾರೆ. ಎಂಟು ವರ್ಷದವನನ್ನ ಅಜ್ಜಿ ಹಿಡಿದು ಕೂರಿಸ್ತಾಳಾ?

“ವಾಟರ್ ಪಾರ್ಕ್‌ಗೆ ಕರ್ಕೊಂಡು ಹೋಗ್ರಿ” ಅನ್ನೋರು ಇದ್ದಾರೆ. ಬಿಡದಿ ಹತ್ತಿರದ ದೊಡ್ಡ ವಾಟರ್ ಪಾರ್ಕ್‌ಗೆ ನಾಲ್ಕು ಜನ ಹೋದ್ರೆ ಟಿಕೆಟ್ಟಿಗೇ ಮೂರು ಸಾವಿರಕ್ಕೆ ಕಡಿಮೆ ಆಗಲ್ಲ. 2025ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ದಿನ ಬದು ಹಾಕಿದ ಕೂಲಿ ಒಂದು ದಿನದ ನೀರಾಟಕ್ಕೆ. ಬಸ್ ಚಾರ್ಜ್, ಊಟ ಬೇರೆ.

ಸರ್ಕಾರಿ ದುಡ್ಡಲ್ಲಿ ನೀರು ಚಿಮ್ಮಿಸೋದು ನಮಗೆ ಗೊತ್ತಿಲ್ಲ ಅಂತೇನಲ್ಲ. ಕೆಆರ್‌ಎಸ್‌ನಿಂದ ಹಿಡಿದು ಎಲ್ಲಿ ನೋಡಿದ್ರೂ ಸಂಗೀತ ಕಾರಂಜಿ. ಬಣ್ಣ ಬಣ್ಣದ ಲೈಟು, ಹಾಡು, ನೀರಿನ ಕುಣಿತ. ಮಗು ಹತ್ರ ಹೋಗಿ ಕೈ ಚಾಚಿದ್ರೆ ಸೆಕ್ಯೂರಿಟಿಯವನು ಸೀಟಿ ಊದ್ತಾನೆ. ನಮ್ಮ ಕಾರಂಜಿ ನೋಡೋಕೆ ಮಾತ್ರ. ಫ್ರಾನ್ಸಿನ ಬೋರ್ಡೋ ಊರಲ್ಲಿ 2006ರಲ್ಲಿ ನದಿ ದಂಡೆಯ ಚೌಕದಲ್ಲಿ ‘ನೀರಿನ ಕನ್ನಡಿ’ ಅಂತ ಮಾಡಿದ್ರು. ನೀರಿನ ಆಳ ಎಷ್ಟು ಗೊತ್ತಾ? ಎರಡು ಸೆಂಟಿಮೀಟರ್. ಊರಿನ ಮಕ್ಕಳೆಲ್ಲ ಅದರಲ್ಲಿ ಬಿದ್ದು ಹೊರಳಾಡ್ತಾರೆ. ನ್ಯೂಯಾರ್ಕ್‌ನಲ್ಲಿ ಬಡವರ ಕೇರಿಯ ಮಕ್ಕಳು ರಸ್ತೆ ಬದಿಯ ಫೈರ್ ಬ್ರಿಗೇಡ್ ನಲ್ಲಿ ತಿರುಗಿಸಿ ನೀರಾಡ್ತಿದ್ರು. ಹಾಗೆ ಬಿಟ್ರೆ ನಿಮಿಷಕ್ಕೆ ಮೂರೂವರೆ ಸಾವಿರ ಲೀಟರಿಗೂ ಹೆಚ್ಚು ಹರಿದು ಹೋಗ್ತಿತ್ತು. ಅಲ್ಲಿನ ಅಗ್ನಿಶಾಮಕ ಇಲಾಖೆ ಬೈದು ಸುಮ್ಮನಾಗಲಿಲ್ಲ. ಜರಡಿಯಂಥ ಒಂದು ಮುಚ್ಚಳ ಮಾಡಿಸ್ತು. ದೊಡ್ಡವರು ಯಾರಾದ್ರೂ ಬಂದು ಕೇಳಿದ್ರೆ ಪುಕ್ಕಟೆ ಹಾಕಿ ಕೊಡ್ತಾರೆ. ಆಗ ನಿಮಿಷಕ್ಕೆ ನೂರು ಲೀಟರ್ ಒಳಗೇ ಆಟ ನಡೆಯುತ್ತೆ.

ಈಗ ನಿಮ್ಮ ಬಾಯಲ್ಲಿರೋ ಪ್ರಶ್ನೆ ನನಗೆ ಕೇಳಿಸ್ತಿದೆ. ಅಲ್ಲ ಸ್ವಾಮಿ, ಕುಡಿಯೋಕೇ ನೀರಿಲ್ಲ, ನಿಮಗೆ ನೀರಾಟ ಬೇಕಾ? ನ್ಯಾಯವಾದ ಪ್ರಶ್ನೆ. 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದ್ರೆ, ಕಾರಂಜಿ ಬಿಟ್ರೆ 5 ಸಾವಿರ ದಂಡ ಅಂತು. ಸರಿಯಾಗೇ ಮಾಡ್ತು. ಟ್ಯಾಂಕರ್ ಓಡುವ ವರ್ಷದಲ್ಲಿ ಅರಸೀಕೆರೆಯಲ್ಲೂ ನೀರಾಟ ಬಂದ್ ಆಗಬೇಕು, ಅದರಲ್ಲಿ ವಾದ ಬೇಡ.

ಆದ್ರೆ ಲೆಕ್ಕ ಹಾಕದೇ ‘ಆಗಲ್ಲ’ ಅನ್ನಬೇಡಿ. ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್. ಒಂದು ಸಾವಿರ ಲೀಟರಿನ ಟ್ಯಾಂಕ್ ಅಂದ್ರೆ 18 ಜನರ ಒಂದು ದಿನದ ಪಾಲು. ಅದರಲ್ಲಿ 50 ಮಕ್ಕಳು ಆಡಿದ್ರೆ ತಲೆಗೆ 20 ಲೀಟರ್. ಒಂದು ಬಕೆಟ್! ನೀರಾಟನೂ ಆಯ್ತು, ಸ್ನಾನನೂ ಆಯ್ತು. ಸೋಪ್ ಇಲ್ಲದ ಆ ನೀರು ಕಾಲುವೆ ಮಾಡಿ ಶಾಲೆಯ ಬೇವಿನ ಗಿಡಕ್ಕೆ, ಕೈತೋಟಕ್ಕೆ ಬಿಡಿ. ವಾರಕ್ಕೆ ಎರಡು ಸಂಜೆ ಸಾಕು. ಟ್ಯಾಂಕ್ ಖಾಲಿ ಆದ್ರೆ ಆಟ ಮುಗೀತು. ಮಕ್ಕಳಿಗೂ ಗೊತ್ತಾಗುತ್ತೆ, ಪಿಡಿಒಗೂ ಗೊತ್ತಾಗುತ್ತೆ.

ಇನ್ನೊಂದು ವಿಷಯದಲ್ಲಿ ನಾನು ಆ ಸ್ಟೋರಿ ಮಾಡಿದ ನಮ್ಮ ಹುಡುಗರಿಗಿಂತ ಸ್ವಲ್ಪ ಹಳೇ ಕಾಲದವನು. ಹೊರದೇಶದ ಸ್ಪ್ಲ್ಯಾಶ್ ಪ್ಯಾಡ್‌ಗಳಲ್ಲಿ ಅದೇ ನೀರನ್ನ ಸೋಸಿ ಕ್ಲೋರಿನ್ ಹಾಕಿ ಮತ್ತೆ ಮತ್ತೆ ಚಿಮ್ಮಿಸೋದು ಸಾಮಾನ್ಯ. ನೀರು ಉಳಿಯುತ್ತೆ, ನಿಜ. ಆದ್ರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕ ನೋಡಿ: 1997ರಿಂದ 2022ರ ಒಳಗೆ ಇಂಥ ಜಾಗಗಳಿಂದ 60 ಸಲ ಕಾಯಿಲೆ ಹರಡಿದೆ, 10,611 ಜನ ಮಲಗಿದ್ದಾರೆ. ಹೆಚ್ಚಿನವು ಭೇದಿ ಪ್ರಕರಣ. ಡೈಪರ್ ಹಾಕಿದ ಮಗು ಕೂತ ನೀರೇ ಇನ್ನೊಂದು ಮಗುವಿನ ಬಾಯಿಗೆ ಹೋಗುತ್ತೆ. 2021ರಲ್ಲಿ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಮಿದುಳಿಗೆ ಹೋಗುವ ಅಮೀಬಾದಿಂದ ಒಂದು ಮಗು ತೀರಿಕೊಂಡಿತು. ದಿನಾ ನೀರು ಪರೀಕ್ಷೆ ಮಾಡಬೇಕಾದವರು ಸರಿಯಾಗಿ ಮಾಡಿರಲಿಲ್ಲ. ಅಂಥ ಊರಲ್ಲೇ ಹಾಗಾದ್ರೆ, ನಮ್ಮ ಪಂಚಾಯಿತಿಯ ನೀರಗಂಟಿ ತಲೆ ಮೇಲೆ ಈ ಜವಾಬ್ದಾರಿ ಹೊರಿಸೋದು ಬೇಡ. ಹಳ್ಳಿಗೆ ಒಮ್ಮೆ ಬಂದು ಹರಿದು ಹೋಗುವ ಶುದ್ಧ ನೀರೇ ಸರಿ. ಶುದ್ಧ ನೀರಿನ ಘಟಕದಿಂದ ಚರಂಡಿಗೆ ಬಿಡುವ ನೀರು ಇದೆಯಲ್ಲ, ಅದನ್ನ ಬಳಸಬಹುದಲ್ಲ ಅಂತ ನಮ್ಮ ಆಫೀಸಲ್ಲೇ ಒಬ್ಬರು ಕೇಳಿದ್ರು. ಬೇಡ. ಫ್ಲೋರೈಡ್ ಇರುವ ಸೀಮೆ ಅದು, ಘಟಕ ಹೊರಗೆ ಹಾಕಿದ್ದನ್ನೇ ಮಕ್ಕಳ ಬಾಯಿಗೆ ಕೊಟ್ಟಂಗಾಗುತ್ತೆ. ಆಡುವಾಗ ನುಂಗದ ಮಗು ಯಾವುದು?

ದುಡ್ಡಿಗೆ ಕೊರತೆ ಅನ್ನಂಗಿಲ್ಲ. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5 ಸಾವಿರ ಕೋಟಿ ಅಂತ ಬಜೆಟ್‌ನಲ್ಲೇ ಓದಿದ್ದಾರೆ. ಕೊರತೆ ಇರೋದು ಯಾರನ್ನ ಕೇಳಬೇಕು ಅನ್ನೋದ್ರಲ್ಲಿ. ಈ ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರ್ತು. ಅರಸೀಕೆರೆ ಹೋಬಳಿಯ ಜನ ಓಟು ಹಾಕೋದು ಮಾತ್ರ ಜಗಳೂರು ಕ್ಷೇತ್ರಕ್ಕೆ. ಡಿಸಿ ಹೊಸಪೇಟೆಯಲ್ಲಿ, ಎಂಎಲ್‌ಎ ದಾವಣಗೆರೆ ಜಿಲ್ಲೆಯಲ್ಲಿ. ಅದಕ್ಕೆ ದೊಡ್ಡವರನ್ನ ಬಿಡಿ, ಪಂಚಾಯಿತಿಯನ್ನ ಕೇಳಿ. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಹಾಕಿದ್ರು, ಮಕ್ಕಳು ಬಂದು ಉಂಡು ಹೋದ್ರು. ಶಾಲೆ ಬಾಗಿಲು ರಜೆಯಲ್ಲೂ ತೆರೆಯುತ್ತೆ ಅಂತ ಆಯ್ತಲ್ಲ. ಜಾಗ ಶಾಲೆಯ ಅಂಗಳದಲ್ಲೇ ಇರಲಿ, ಒಂದು ಕೇರಿಯ ಗುಡಿ ಮುಂದೆ ಬೇಡ. ಗುಡಿ ಮುಂದೆ ಹಾಕಿದ್ರೆ ಯಾವ ಕೇರಿಯ ಮಕ್ಕಳು ದೂರ ನಿಲ್ತಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹೆಣ್ಣುಮಕ್ಕಳಿಗೂ ಶಾಲೆಯೇ ಸರಿ. ಕೆರೆಗೆ ಹೋಗೋದು ಗಂಡು ಹುಡುಗರು. ಅವರ ಅಕ್ಕ ತಂಗಿಯರಿಗೆ ಆ ನೀರೂ ಇಲ್ಲ.

ನಮ್ಮ ಜನಕ್ಕೆ ಇದು ಹೊಸದೂ ಅಲ್ಲ. ಬೇಸಿಗೆ ಬಂದ್ರೆ ದಾರಿಯಲ್ಲಿ ಅರವಟ್ಟಿಗೆ ಇಡ್ತೀವಿ, ಯಾರು ಏನು ಅಂತ ಕೇಳದೆ ನೀರು ಕೊಡ್ತೀವಿ. ಉತ್ತರ ಕರ್ನಾಟಕದ ಎಷ್ಟೋ ಊರಲ್ಲಿ ಬಿಸಿಲುಗಾಲದಲ್ಲೇ ಓಕುಳಿ. ಊರಿಗೆ ಊರೇ ನೆನೆಯುತ್ತೆ, ಯಾರೂ ಟಿಕೆಟ್ ಕೇಳಲ್ಲ.

ಇದರಿಂದ ಮುಳುಗಿ ಸಾಯೋದೆಲ್ಲ ನಿಲ್ಲುತ್ತೆ ಅಂತ ನಾನು ಹೇಳ್ತಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಈ ತುಂತುರು ಸಾಲಲ್ಲ, ಅವನಿಗೆ ಈಜು ಕಲಿಸಬೇಕು. ಶಾಲೆ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಅದು ಇನ್ನೊಂದು ದಿನದ ಮಾತು. ನಾಲ್ಕರಿಂದ ಹತ್ತರ ವಯಸ್ಸಿನವರು ಸಂಜೆ ಐದಕ್ಕೆ ಶಾಲೆಯಲ್ಲಿ ನೀರು ಬಿಡ್ತಾರೆ ಅಂತ ಕಾಯ್ತಾ ಕೂತ್ರೆ, ಮಧ್ಯಾಹ್ನ ಎರಡಕ್ಕೆ ಹೊಂಡದ ಕಡೆ ಹೋಗೋದು ಸ್ವಲ್ಪ ಕಡಿಮೆ ಆಗಬಹುದು. ನಾನು ಹೇಳೋದು ಅಷ್ಟೇ.

ಈ ಕಾರ್ಯಕ್ರಮಕ್ಕೆ ಬರೋ ಮುಂಚೆ ಆ ಅರಸೀಕೆರೆಯ ತಂದೆಗೆ ವಾಪಸ್ ಫೋನ್ ಮಾಡಿದ್ದೆ. ಇದೆಲ್ಲ ಹೇಳಿದೆ. ಅವರು ಕೇಳಿದ್ರು, “ಈರುಳ್ಳಿ ಹೊಲಕ್ಕೆ ಹಾಕೋ ರೇನ್ ಪೈಪ್ ಐತ್ರಿ ನನ್ನತ್ರ. ನಡೀತೈತೇನು?” ಅದಕ್ಕೆ ಮೋಟಾರಿನ ಒತ್ತಡ ಬೇಕು, ಒದ್ದೆ ಮಕ್ಕಳ ಹತ್ರ ಕರೆಂಟ್ ಬೇಡ ಅಂದೆ. ಶಾಲೆಯ ಮೇಲಿರೋ ಟ್ಯಾಂಕಿಂದ ಒಂದು ಪಿವಿಸಿ ಪೈಪ್ ಇಳಿಸಿ, ತಲೆ ಎತ್ತರಕ್ಕೆ ಅಡ್ಡ ಕಟ್ಟಿ, ಸಣ್ಣ ತೂತು ಕೊರೆದ್ರೆ ಸಾಕು, ಸ್ನಾನಘಟ್ಟದಲ್ಲಿ ಷವರ್ ಹಾಕ್ತಾರಲ್ಲ ಹಂಗೆ. ಕೆಳಗೆ ಒರಟು ಸಿಮೆಂಟ್ ನೆಲ, ಜಾರಬಾರದು, ನೀರು ನಿಲ್ಲಬಾರದು.

ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು, “ಪೈಪ್ ನಾ ತರ್ತೀನ್ರಿ ಸರ. ಟ್ಯಾಂಕ್ ತುಂಬ್ಸೋದು ಪಂಚಾಯ್ತಿಯವ್ರು ಮಾಡ್ಲಿ.”