ಪ್ರಮಾಣ ಮುರಿದವರೂ ಮತಪತ್ರವೂ
(ಶಾಲಾ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲಾನಾಯಕನ ಚುನಾವಣೆಯ ಕಾಲದಲ್ಲಿ ಬಾಲಕನೊಬ್ಬನು ನಮ್ಮನ್ನು ಕೇಳಿದನು: "ಮಕ್ಕಳೆಲ್ಲ ಒಪ್ಪಿ ಆರಿಸುವುದಾದರೆ, ಇವನು ನಿಲ್ಲಕೂಡದೆನ್ನಲು ಯಾರಿಗೆ ಅಧಿಕಾರ ಮಾಷ್ಟ್ರೇ?" ಪ್ರಶ್ನೆಯು ಚಿಕ್ಕದಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವೇ ಇದರ ಮುಂದೆ ನಿಲ್ಲಬೇಕಾಯಿತು.

ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ ಸಂಸ್ಥಾನಗಳು ಅಲ್ಲಿ ಒಕ್ಕೂಟದಿಂದ ಸಿಡಿದು, 1861ರಿಂದ ನಾಲ್ಕು ವರ್ಷ ಅಂತರ್ಯುದ್ಧ ನಡೆಯಿತು. ಸೋತ ಮರುವರ್ಷವೇ ಜಾರ್ಜಿಯಾದ ಶಾಸನಸಭೆಯು ಬಂಡಾಯ ಸರಕಾರದ ಉಪಾಧ್ಯಕ್ಷನಾಗಿದ್ದ ಅಲೆಕ್ಸಾಂಡರ್ ಸ್ಟೀಫನ್ಸನನ್ನು ಸೆನೆಟ್ಟಿಗೆ ಆರಿಸಿತು! ಕಾಂಗ್ರೆಸ್ಸು ಅವನನ್ನು ಒಳಗೆ ಬಿಡಲಿಲ್ಲ. 1868ರಲ್ಲಿ ಊರ್ಜಿತವಾದ ಹದಿನಾಲ್ಕನೆಯ ತಿದ್ದುಪಡಿಯ ಮೂರನೆಯ ವಿಧಿಯು ಇಂಥವರಿಗಾಗಿಯೇ ಹುಟ್ಟಿತು. ರಾಜ್ಯಾಂಗವನ್ನು ಎತ್ತಿಹಿಡಿಯುವೆನೆಂದು ಅಧಿಕಾರಿಯಾಗಿ ಪ್ರಮಾಣ ಮಾಡಿ, ಅನಂತರ ದಂಗೆಯಲ್ಲಿ ತೊಡಗಿದವನು ಪುನಃ ಪದವಿಗೆ ಅರ್ಹನಲ್ಲ. ಸಾಮಾನ್ಯ ಸಿಪಾಯಿಯನ್ನು ಬಿಟ್ಟು, ವಚನವಿತ್ತು ತಪ್ಪಿದವನನ್ನು ಹಿಡಿದ ಈ ವಿವೇಕವು ನಮಗೆ ಮೆಚ್ಚುಗೆಯಾಗಿದೆ. ಕ್ಷಮೆಗೂ ದಾರಿಯುಂಟು, ಉಭಯ ಸದನಗಳ ಮೂರರಲ್ಲಿ ಎರಡು ಪಾಲು ಮತ ಬೇಕು. 1872ರಲ್ಲಿ ಬಹುಮಂದಿಗೆ ಕ್ಷಮೆ ದೊರೆಯಿತು. ಮರುವರ್ಷ ಸ್ಟೀಫನ್ಸನೂ ಪ್ರತಿನಿಧಿಸಭೆಯನ್ನು ಪ್ರವೇಶಿಸಿದನು.

ಬಹುಕಾಲ ಹೆಚ್ಚಾಗಿ ಮಲಗಿದ್ದ ಈ ವಿಧಿಯನ್ನು 2021ರ ಜನವರಿ 6ರ ಘಟನೆ ಎಬ್ಬಿಸಿತು. ಚುನಾವಣೆಯಲ್ಲಿ ಸೋತ ಅಧ್ಯಕ್ಷ ಡೊನಾಲ್ಡ್ ಟ್ರಂಪರ ಬೆಂಬಲಿಗರು ಮತಗಳ ಎಣಿಕೆ ನಡೆಯುತ್ತಿದ್ದ ಸಂಸತ್ ಭವನಕ್ಕೆ ನುಗ್ಗಿದರು. ಟ್ರಂಪರು ದಂಗೆಯಲ್ಲಿ ತೊಡಗಿದ್ದರೆಂದೂ, ಅವರ ಹೆಸರು ಮತಪತ್ರದಲ್ಲಿರಕೂಡದೆಂದೂ ಕೊಲೊರಾಡೊ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರ್ 19ರಂದು ತೀರ್ಪಿತ್ತಿತು. ನಾಲ್ವರು ಪರ, ಮೂವರು ವಿರೋಧ. ಯುಕ್ತವಾದ ವಿಚಾರಣಾಕ್ರಮವಿಲ್ಲದೆ ಒಬ್ಬನನ್ನು ಹೊರಗಿಡಬಹುದೇ ಎಂಬುದು ವಿರೋಧಿಸಿದವರಲ್ಲೊಬ್ಬರ ಆಕ್ಷೇಪ. ಅದನ್ನು ನಾವು ಹಗುರಾಗಿ ತಳ್ಳಿಬಿಡಲಾರೆವು. ನಮ್ಮ ದೇಶದ 1951ರ ಜನಪ್ರತಿನಿಧಿ ಕಾಯಿದೆಯೂ, ಅಪರಾಧದ ಕಾರಣದಿಂದ ಅನರ್ಹಗೊಳಿಸುವಾಗ, ಬರಿಯ ಆರೋಪವನ್ನಲ್ಲ, ನ್ಯಾಯಾಲಯವು ಅಪರಾಧಿಯೆಂದು ನಿರ್ಣಯಿಸಿದುದನ್ನೇ ಕೇಳುತ್ತದೆ.

2024ರ ಮಾರ್ಚ್ 4ರಂದು ಒಕ್ಕೂಟದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಅಧ್ಯಕ್ಷಪದವಿಯ ಉಮೇದುವಾರನನ್ನು ಯಾವುದೊಂದು ಸಂಸ್ಥಾನವೂ ತಾನಾಗಿ ತಡೆಯಲಾಗದೆಂಬುದರಲ್ಲಿ ಒಂಬತ್ತು ಮಂದಿಯೂ ಏಕಾಭಿಪ್ರಾಯರು. ಸಂಸ್ಥಾನಕ್ಕೊಂದು ಪಟ್ಟಿಯಾದರೆ ರಾಷ್ಟ್ರದ ಚುನಾವಣೆ ನಡೆಯುವುದೆಂತು? ಕಾಂಗ್ರೆಸ್ಸಿನ ಕಾನೂನೇ ಬೇಕೆಂದು ಐವರು ಮುಂದುವರಿದರು. ಅಷ್ಟು ದೂರ ಹೋಗಬೇಕಿರಲಿಲ್ಲವೆಂದು ಉಳಿದ ನಾಲ್ವರು ಹೇಳಿದರು. ಟ್ರಂಪರು ದಂಗೆಯಲ್ಲಿ ತೊಡಗಿದ್ದರೋ ಇಲ್ಲವೋ ಎಂಬ ಮೂಲ ಪ್ರಶ್ನೆಗೆ ನ್ಯಾಯಾಲಯವು ಉತ್ತರವನ್ನೇ ಕೊಡಲಿಲ್ಲ. ದಂಗೆಯ ಅಪರಾಧಕ್ಕೆ ಶಿಕ್ಷೆ ವಿಧಿಸುವ ಕಾನೂನು ಅಲ್ಲಿ ಇದ್ದೇ ಇದೆ. ಅದರಡಿಯಲ್ಲಿ ಅವರ ಮೇಲೆ ಆರೋಪ ಹೊರಿಸಿದವರಿಲ್ಲ. ಬೀಗವಿತ್ತು, ಕೀಲಿಕೈಯೂ ಇತ್ತು, ತಿರುಗಿಸುವ ಕೈ ಕಾಣಲಿಲ್ಲ.

ನ್ಯೂ ಮೆಕ್ಸಿಕೊದಲ್ಲಿ ಮಾತ್ರ, ಅದೇ ಜನವರಿ 6ರ ಘಟನೆಯ ಕಾರಣದಿಂದ, ಜಿಲ್ಲಾಮಂಡಳಿಯ ಸದಸ್ಯನೊಬ್ಬನು 2022ರಲ್ಲಿ ಇದೇ ವಿಧಿಯಂತೆ ಪದವಿ ಕಳೆದುಕೊಂಡನು. ಸಂಸ್ಥಾನದೊಳಗಿನ ಪದವಿಗಳ ವಿಷಯದಲ್ಲಿ ಆ ಅಧಿಕಾರ ಈಗಲೂ ಉಂಟು. ಟ್ರಂಪರಾದರೋ 2024ರ ನವೆಂಬರಿನಲ್ಲಿ ಗೆದ್ದು, 2025ರ ಜನವರಿ 20ರಂದು ಅದೇ ರಾಜ್ಯಾಂಗದ ಹೆಸರಿನಲ್ಲಿ ಮರಳಿ ಪ್ರಮಾಣ ಮಾಡಿದರು.

ಇಷ್ಟನ್ನೂ ಕೇಳಿದ ಆ ಬಾಲಕನು, "ಹಾಗಾದರೆ ಜಿಲ್ಲೆಯವನಿಗೊಂದು, ದೇಶದವನಿಗೊಂದು ದಾರಿಯೇ ಮಾಷ್ಟ್ರೇ?" ಎಂದನು. ಆ ಪ್ರಶ್ನೆಯನ್ನು ಅವನ ತಂದೆತಾಯಿಗಳಾದ ತಮ್ಮ ಮುಂದೆಯೂ ಇಟ್ಟಿದ್ದೇವೆ.