ಗಾಳಿಯ ಮೇಲೆ ನಿಂತ ಕಾರು



ನಮ್ಮ ರುದ್ರಪಟ್ಟಣ ಕಾವೇರಿಯ ದಡದಲ್ಲಿರುವ ಊರು. ಸಂಗೀತಗಾರರ ಊರೆಂದು ಹೆಸರಾದುದು. ತಂಬೂರಿಯ ತಂತಿ ಕೂದಲೆಳೆಯಷ್ಟು ಇಳಿದರೂ ಗುರುತಿಸುವ ಕಿವಿಗಳು ಇಲ್ಲುಂಟು. ಕಳೆದ ಬೇಸಗೆಯಲ್ಲಿ ನನ್ನ ಸೋದರಳಿಯ ಬೆಂಗಳೂರಿನಿಂದ ಕಾರಿನಲ್ಲಿ ಬಂದ. ಬೆಳಗ್ಗೆ ನೋಡಿದರೆ ಕಾರಿನ ಹಿಂಬದಿಯ ಒಂದು ಮೂಲೆ ಕುಸಿದಿತ್ತು. ಟೈರುಗಳಲ್ಲಿ ಗಾಳಿ ಸರಿಯಾಗಿಯೇ ಇತ್ತು!

“ಇದಕ್ಕೆ ಉಕ್ಕಿನ ಸ್ಪ್ರಿಂಗ್ ಇಲ್ಲ ಮಾವ, ಗಾಳಿಯೇ ಸ್ಪ್ರಿಂಗು” ಎಂದ.

ಚಕ್ರದ ಅಚ್ಚಿಗೂ ಕಾರಿನ ಮೈಗೂ ನಡುವೆ ರಬ್ಬರಿನ ಗಾಳಿಚೀಲ. ಅದಕ್ಕೆ ಗಾಳಿಯನ್ನೊತ್ತುವ ಪುಟ್ಟ ಕಂಪ್ರೆಸರ್. ಭಾರ ಹೆಚ್ಚಿದರೆ ಗಾಳಿ ತುಂಬಿ, ತಗ್ಗಿದರೆ ಬಿಟ್ಟು, ಕಾರನ್ನು ಒಂದೇ ಎತ್ತರದಲ್ಲಿಡುವುದು ಇದರ ಕೆಲಸ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರಿನಲ್ಲಿ ಈ ಏರ್ಪಾಡಿತ್ತು. ಹಾಸನದ ಹಾದಿಯಲ್ಲಿ ಮಂಗಳೂರಿಗೆ ಹೋಗುವ ವೋಲ್ವೋ ಬಸ್ಸಿನಲ್ಲಿ ಕುಳಿತವರು ಇದರ ಸುಖವನ್ನು ಬಲ್ಲರು. ದೇಹ ಪಂಚಪ್ರಾಣಗಳ ಮೇಲೆ ನಿಂತಿದೆಯೆಂದು ನಾವು ಪಾಠ ಹೇಳುತ್ತೇವೆ. ಈ ಕಾರೂ ಹಾಗೆಯೇ.

ಎಂಜಿನ್ ಚಾಲೂ ಮಾಡಿದೊಡನೆ ಕುಸಿದ ಮೂಲೆ ಮೇಲೆದ್ದಿತು. ಹಾಗಾದರೆ ಕಂಪ್ರೆಸರ್ ನೆಟ್ಟಗಿದೆ, ಗಾಳಿ ಎಲ್ಲೋ ಸೋರುತ್ತಿದೆ ಎಂದಾಯಿತು. ಇದನ್ನು ಅಲಕ್ಷಿಸಬಾರದು. ಸೋರಿದಷ್ಟೂ ತುಂಬಿ ತುಂಬಿ ಕಂಪ್ರೆಸರ್ ಸುಟ್ಟುಹೋಗುತ್ತದೆ. ಸೋರಿಕೆಯನ್ನು ಹುಡುಕುವುದು ಸುಲಭ: ಕೊಳವೆಯ ಸೇರುವೆಗಳಿಗೂ ಚೀಲದ ಮಡಿಕೆಗಳಿಗೂ ಸೋಪಿನ ನೀರು ಹಚ್ಚಬೇಕು, ಗುಳ್ಳೆಯೆದ್ದಲ್ಲಿ ದೋಷ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುಡುಗ ಜಾಕು ಕೊಟ್ಟು ಕಾರೆತ್ತಿ ಕೆಳಗೆ ನುಸುಳಿದ. “ಬಾರೋ, ಕಾಫಿ ಆರುತ್ತೆ” ಎಂದು ನನ್ನಾಕೆ ಕರೆದಳು. ಅವನು ಎದ್ದು ಜಗಲಿ ಹತ್ತುವಷ್ಟರಲ್ಲಿ ಜಾಕು ಮರಳು ನೆಲದಲ್ಲಿ ವಾಲಿ, ಕಾರು ದಢಕ್ಕೆಂದು ಕೂತಿತು. ಆ ಲೋಟ ಅವನ ಕೈಯಲ್ಲಿ ಬಹಳ ಹೊತ್ತು ನಡುಗುತ್ತಿತ್ತು.

ಆದುದರಿಂದ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ನಾಲ್ಕು ಮಾತು. ಜಾಕು ಎತ್ತುವುದಕ್ಕೇ ಹೊರತು ಹೊರುವುದಕ್ಕಲ್ಲ. ಗಟ್ಟಿ ನೆಲದಲ್ಲಿ, ಉಳಿದ ಚಕ್ರಗಳಿಗೆ ಅಡೆಕೊಟ್ಟು, ಕಾರನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸದೆ ಕೆಳಗೆ ಹೋಗಬಾರದು. ತಾನೇ ಏರಿಳಿಯುವ ಏರ್ಪಾಡನ್ನು, ಕಾರಿನ ಕೈಪಿಡಿ ಹೇಳಿದಂತೆ, ಮೊದಲೇ ನಿಲ್ಲಿಸಿರಬೇಕು. ಒಳಗಿನ ಗಾಳಿಯನ್ನು ಬಿಡದೆ ಕೊಳವೆ ಕಳಚಬಾರದು. ಹೊಸ ಚೀಲ ಹಾಕಿದ ಮೇಲೆ ಗಾಳಿಯಿಲ್ಲದೆ ಅದರ ಮೇಲೆ ಭಾರ ಇಳಿಸಬಾರದು. ಮಡಿಕೆ ತಪ್ಪಿ ಹರಿದೀತು. ಇದಿಷ್ಟು ಸಲಕರಣೆ ಇಲ್ಲದವರು ಸೋಪಿನ ನೀರಿನವರೆಗೆ ಮಾತ್ರ ಹೋಗಲಿ, ಮುಂದಿನದು ಮೆಕ್ಯಾನಿಕ್ಕಿಗಿರಲಿ.

ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗ ನಮ್ಮ ಹಿರಿಯರು ಅಚ್ಚಿನಡಿ ದಪ್ಪ ಕೊರಡು ಕೊಡದೆ ಕಡಾಣಿ ಕೀಳುತ್ತಿರಲಿಲ್ಲ. ಗಾಡಿ ಬದಲಾಯಿತು, ಭಾರ ಬದಲಾಗಿಲ್ಲ. ನಮ್ಮ ಹುಡುಗನೂ ಈಗ ಸ್ಟ್ಯಾಂಡುಗಳನ್ನು ಕೊಂಡಿದ್ದಾನೆ.